ಹಾಲಿಟ್ಟು ಮರೆತವರಿಗೆ ಬೆಳಗಿನ ಮೊದಲ ಬಸ್ಸೇ?

ಮಾನ್ಯ ಡಿಪೋ ವ್ಯವಸ್ಥಾಪಕರೇ,

ರಾತ್ರಿ ಎರಡು ಗಂಟೆ ಹತ್ತು ನಿಮಿಷ. ಉರಿಯ ಮೇಲೆ ಬರಿ ಪಾತ್ರೆ ಟಕ್ ಟಕ್ ಎಂದು ಸಿಡಿಯುವ ಸದ್ದಿಗೆ ನನಗೆ ಎಚ್ಚರವಾಯಿತು. ಎದ್ದು ಹೋಗಿ ನೋಡಿದರೆ ಹಾಲೆಲ್ಲ ಸೀದು ಕರಕಲಾಗಿತ್ತು, ಅಡುಗೆಮನೆ ತುಂಬ ಹೊಗೆ. ಪಕ್ಕದ ಕೋಣೆಯಲ್ಲಿ ಮಗಳ ಖಾಲಿ ಲೋಟ ಹಿಡಿದುಕೊಂಡು ನನ್ನ ಗಂಡ ಕತ್ತಲಲ್ಲಿ ಕೂತಿದ್ದರು.

"ರೀ, ಒಲೆ ಮೇಲೆ ಹಾಲಿಟ್ಟು ಇಲ್ಲಿ ಬಂದು ಕೂತಿದ್ದೀರಲ್ಲ!"

"ನಾನೆಲ್ಲಿ ಇಟ್ಟೆ? ನೀನೇ ಇಟ್ಟಿರ್ಬೇಕು ಕಣೇ."

ಇವರೇ ಬೆಳಗ್ಗೆ ಐದು ನಲವತ್ತಕ್ಕೆ ನಿಮ್ಮ ಮೊದಲ ಬಸ್ಸು ಓಡಿಸಲು ಯೋಗ್ಯರು ಎಂದು ನಿನ್ನೆ ಸಂಜೆ ತಾವು ಸಹಿ ಹಾಕಿದ್ದೀರಿ.

ಹನ್ನೊಂದು ದಿನದ ಹಿಂದಿನ ಮಾತು. ಅಡ್ಡ ಬಂದ ಸ್ಕೂಟರನ್ನು ಉಳಿಸಲು ಬ್ರೇಕ್ ಒತ್ತಿದಾಗ ಇವರ ತಲೆ ಪಕ್ಕದ ಕಂಬಿಗೆ ಬಡಿಯಿತು. ರಕ್ತ ಬರಲಿಲ್ಲ, ಪ್ರಜ್ಞೆ ತಪ್ಪಲಿಲ್ಲ, ಟ್ರಿಪ್ ಮುಗಿಸಿಯೇ ಬಂದರು. ಅದಕ್ಕೆ ತಾವು ಬೆನ್ನನ್ನೂ ತಟ್ಟಿದಿರಿ. ಆ ರಾತ್ರಿ ಎರಡು ಸಲ ವಾಂತಿಯಾದಾಗ ಆಸ್ಪತ್ರೆಗೆ ಕರೆದೊಯ್ದವಳು ನಾನು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಸಮಾಧಾನದ ಉಸಿರು ಬಿಡುವಷ್ಟರಲ್ಲಿ ಡಾಕ್ಟರಮ್ಮ ಹೇಳಿದರು: "ಅದರಲ್ಲಿ ನೋಡೋದು ರಕ್ತ ಸೋರಿದೆಯಾ, ಮೂಳೆ ಮುರಿದಿದೆಯಾ ಅಂತಮ್ಮ. ಮಿದುಳು ಅಲುಗಾಡಿ ಆದ ಪೆಟ್ಟು ಅದರಲ್ಲಿ ಕಾಣೋದಿಲ್ಲ. ಬೆಳಕು ಸದ್ದು ತಡೆಯೋಕಾಗಲ್ಲ, ಮರೆವು, ಸಿಡುಕು, ಎಲ್ಲ ಬರಬಹುದು. ನಾನು ಮತ್ತೆ ನೋಡಿ ಹೇಳೋವರೆಗೂ ಸ್ಟೇರಿಂಗ್ ಮುಟ್ಟಬಾರದು." ಇದನ್ನೇ ಚೀಟಿಯಲ್ಲಿ ಬರೆದೂ ಕೊಟ್ಟರು. ನಿನ್ನೆ ಸಂಜೆ ತಮ್ಮ ಮೇಜಿನ ಮೇಲೆ ಎರಡೂ ಕಾಗದ ಇಟ್ಟೆವು. ಸ್ಕ್ಯಾನಿನ ವರದಿ ಫೈಲಿಗೆ ಸೇರಿತು. ಚೀಟಿಯ ಮೇಲೆ ತಮ್ಮ ಟೀ ಲೋಟ ಕೂತಿತು.

ಅಷ್ಟು ಸಾಲದೆಂದು ತಾವೇ ವೈದ್ಯರಾದಿರಿ.

"ಎಲ್ಲಿ, ನಿನ್ನ ರೂಟಿನ ಸ್ಟಾಪೆಲ್ಲ ಹೇಳಯ್ಯ ನೋಡೋಣ."

ಇವರು ಮೂವತ್ತೊಂದು ಸ್ಟಾಪನ್ನೂ ಒಂದೇ ಉಸಿರಿಗೆ ಹೇಳಿದರು. ತಾವು ಬಾಗಿಲಲ್ಲಿ ಮಗು ಎತ್ತಿಕೊಂಡು ನಿಂತಿದ್ದ ನನ್ನ ಕಡೆ ತಿರುಗಿ, "ನೋಡಮ್ಮ, ನನಗೇ ಇಷ್ಟು ನೆನಪಿಲ್ಲ. ನೀನು ಮನೇಲಿ ಸ್ವಲ್ಪ ಕಮ್ಮಿ ಮಾತಾಡು, ಅವನ ತಲೆನೋವು ತಾನಾಗೇ ಹೋಗುತ್ತೆ" ಎಂದಿರಿ. ಕಚೇರಿಯೆಲ್ಲ ನಕ್ಕಿತು. ಇವರೂ ನಕ್ಕರು.

ಸ್ವಾಮಿ, ಒಂಬತ್ತು ವರ್ಷ ದಿನಕ್ಕೆ ಆರು ಸಲ ಓಡಾಡಿದ ದಾರಿ ಅದು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ತಾವು ಕೇಳಬೇಕಾಗಿದ್ದದ್ದು ಹತ್ತು ನಿಮಿಷದ ಹಿಂದೆ ಏನು ಹೇಳಿದೆ ಎಂದು. ನಿಮ್ಮ ಮೆಟ್ಟಿಲು ಇಳಿಯುವಷ್ಟರಲ್ಲಿ ಇವರು ನನ್ನನ್ನು ಮೂರು ಸಲ ಕೇಳಿದರು: "ಸಾಹೇಬ್ರು ಯಾವ ಗಾಡಿ ಅಂದ್ರು?" ಮೂರು ಸಲವೂ ಮೊದಲ ಸಲ ಕೇಳಿದಂತೆಯೇ! ಸ್ಕೂಟರು ಅಡ್ಡ ಬಂದಾಗ ಬೇಕಾಗುವುದು ಸ್ಟಾಪುಗಳ ಪಟ್ಟಿಯೋ, ಅರೆಕ್ಷಣದಲ್ಲಿ ಬ್ರೇಕಿಗೆ ಹೋಗುವ ಕಾಲೋ? ಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಂಟುತ್ತಾ ಬಂದಿದ್ದರೆ ತಾವೇ ಕುರ್ಚಿ ಎಳೆದು ಕೂರಿಸುತ್ತಿದ್ದಿರಿ. ತಲೆಗೂ ಒಂದು ಪಟ್ಟಿ ಸುತ್ತಿ ಕರೆತರದೆ ಹೋದದ್ದು ನನ್ನದೇ ತಪ್ಪು.

ಮೊನ್ನೆ ಮಗಳು ಚಮಚದಿಂದ ತಟ್ಟೆ ಬಡಿದಳೆಂದು ತಟ್ಟೆಯನ್ನೇ ಕಿತ್ತೆಸೆದರು. ಇಷ್ಟು ವರ್ಷ ಈ ಮನೆಯಲ್ಲಿ ದನಿ ಎತ್ತಿದ ಮನುಷ್ಯ ಅಲ್ಲ. ಆಮೇಲೆ ಕಿವಿ ಮುಚ್ಚಿಕೊಂಡು ಅತ್ತರು. "ಊಟ ಸರಿಯಾಗಿ ಮಾಡ್ತಾನಲ್ಲಮ್ಮ, ಇನ್ನೇನು?" ಎನ್ನುತ್ತಾರೆ ನಮ್ಮತ್ತೆ. ಅವರು ಓದಿದವರಲ್ಲ. ತಮಗೇನಾಗಿದೆ?

ತಡೆಯಲಿಲ್ಲವೇ ಎಂದು ಕೇಳಬೇಡಿ. ಇವರ ಬೂಟುಗಳನ್ನು ಕೊಳೆಬಟ್ಟೆಯ ಬುಟ್ಟಿಯಡಿ ಬಚ್ಚಿಟ್ಟಿದ್ದೇನೆ. ಚಪ್ಪಲಿಯಲ್ಲೇ ಹೊರಡುವ ಆಸಾಮಿ ಅವರು. "ಸಾಹೇಬ್ರೇ ಸರಿಯಾಗಿದ್ದೀಯ ಅಂದ್ಮೇಲೆ ನಿಂದೇನೇ?" ಎನ್ನುತ್ತಾರೆ. ಪೆಟ್ಟು ತಿಂದ ತಲೆಯನ್ನೇ ಕರೆದು "ಹೇಗಿದ್ದೀಯ" ಎಂದು ಕೇಳಿದರೆ ಅದು ಇನ್ನೇನು ಹೇಳೀತು?

ಡಿಪೋದ ಫೋನು ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ಅದಕ್ಕೇ ಈ ಪತ್ರವನ್ನು ನಿಮ್ಮ ನೌಕರರ ಗ್ರೂಪಿಗೂ ಪ್ರಯಾಣಿಕರ ಗ್ರೂಪಿಗೂ ಹಾಕುತ್ತಿದ್ದೇನೆ. ಆ ಬಸ್ಸಿನಲ್ಲಿ ಪಾಳಿಗೆ ಹೋಗುವ ನರ್ಸುಗಳಿರುತ್ತಾರೆ, ಟ್ಯೂಷನ್ನಿಗೆ ಹೋಗುವ ಮಕ್ಕಳಿರುತ್ತಾರೆ. ಯಾರನ್ನು ಹತ್ತಿಸಿಕೊಳ್ಳುತ್ತಿದ್ದೀರೆಂದು ಅವರಿಗೂ ಗೊತ್ತಿರಲಿ. ನಾನು ಕೇಳುವುದು ಇಷ್ಟೇ: ಸಹಿ ಹಿಂದೆಗೆದುಕೊಳ್ಳಿ, ಬೇರೆಯವರನ್ನು ಕಳಿಸಿ, ಡಾಕ್ಟರಮ್ಮ ಹೂಂ ಎನ್ನುವವರೆಗೆ ಇವರನ್ನು ಗೈರುಹಾಜರು ಎಂದು ಬರೆಯಬೇಡಿ.

ಈಗ ಗಂಟೆ ಮೂರು. ಐದಕ್ಕೆ ಮನೆ ಬಿಡುತ್ತಾರೆ. ನನ್ನ ಮಾತು ಕೇಳುವುದಿಲ್ಲ, ತಮ್ಮದು ಕೇಳುತ್ತಾರೆ. "ಇವತ್ತು ಬರಬೇಡ" ಎಂದರೆ ಸಾಕು. ದಮ್ಮಯ್ಯ, ಬೆಳಗಾಗುವ ಮುಂಚೆ ಒಂದು ಫೋನ್ ಮಾಡಿ. ಅವರ ನಂಬರಿಗೆ ಬೇಡ, ನನ್ನದಕ್ಕೇ ಮಾಡಿ, ನಾನೂ ಕೇಳಿಸಿಕೊಂಡು ಅವರ ಕಿವಿಗೆ ಹಿಡಿಯುತ್ತೇನೆ. ಅವರೊಬ್ಬರಿಗೇ ಹೇಳಿದರೆ ಹೂಂ ಎಂದು, ಮರೆತು, ಹೊರಟುಬಿಡುತ್ತಾರೆ.

ಇಂತಿ,
ಸೀದ ಪಾತ್ರೆಯ ಮುಂದೆ ಫೋನು ಹಿಡಿದು ಕೂತಿರುವ,
ಜಾಸ್ತಿ ಮಾತಾಡುವ ಹೆಂಡತಿ