ಆಟದೊಳಗಿನ ಬಾಯಾರಿಕೆ

ಜನವರಿ ೧೪, ಮಂಗಳವಾರ. ಅಸುನ್ಸಿಯೋನ್.

ನಾವು ತಯಾರಿಸುತ್ತಿರುವ ಯುದ್ಧದ ಕಂಪ್ಯೂಟರ್ ಆಟದಿಂದ ಬಾಯಾರಿಕೆಯನ್ನು ತೆಗೆಯಬೇಕಂತೆ! ತೊಂಬತ್ತು ವರ್ಷದ ಹಿಂದೆ ಚಾಕೊದ ಒಣ ಕಾಡಿನಲ್ಲಿ ನಮ್ಮ ದೇಶದವರೂ ಬೊಲಿವಿಯಾದವರೂ ಕಾದಾಡುತ್ತ ನೀರಿಲ್ಲದೆ ಸತ್ತರು. ಅದೇ ಇಲ್ಲದ ಮೇಲೆ ಟ್ಯಾಂಕು, ಫಿರಂಗಿಗಳನ್ನು ಎಷ್ಟು ಕರಾರುವಾಕ್ಕಾಗಿ ಮಾಡಿದರೇನು?

"ಜನ ಗೆಲ್ಲೋಕೆ ಆಡ್ತಾರಮ್ಮ, ಒಣಗಿ ಸಾಯೋಕಲ್ಲ," ಎಂದರು ನಮ್ಮ ಕಂಪನಿಯ ಯಜಮಾನ ಎವೆಲಿಯೊ.

"ಒಂದ್ಸಲ ನೀವೇ ಆಡಿ. ಆಮೇಲೆ ಕತ್ತರಿ ಹಾಕಿ," ಅಂದೆ. ದನಿ ಏರಿಬಿಟ್ಟಿತ್ತು.

ಕೂತರು. ಸುಡುವ ಮಧ್ಯಾಹ್ನ, ಫ್ಯಾನು ಬೇರೆ ಕೆಟ್ಟಿತ್ತು. ಆಟಕ್ಕೆ ಚಿತ್ರ ಬರೆಯುವ ವಾರಾ ಎಂದಿನಂತೆ ತೆರೆರೆ, ಅದೇ ತಣ್ಣೀರಲ್ಲಿ ನೆನೆಸಿದ ಎಲೆಯ ಪಾನೀಯ, ಹಂಚುತ್ತಿದ್ದಳು. ಅವಳ ಮುತ್ತಜ್ಜ ಆ ಯುದ್ಧದಲ್ಲಿ ಬೊಲಿವಿಯಾ ಕಡೆಯವನು. ಎಲ್ಲರಿಗೂ ಒಂದೇ ಕೊಂಬಿನ ಲೋಟ. ಕುಡಿದವರು ಅವಳ ಕೈಗೇ ಮರಳಿಸಬೇಕು; ಕೂಜೆಯಿಂದ ತುಂಬಿಸಿ ಮುಂದಿನವರಿಗೆ ಕೊಡುವುದು ಅವಳೇ.

ಪರದೆಯ ಮೇಲೆ ನೀರಿನ ಲಾರಿ ಮರಳಲ್ಲಿ ಹೂತುಹೋಯಿತು. ಸೈನಿಕರು ಬಂದೂಕು ಬಿಸಾಡಿ ಬಾವಿಯತ್ತ ತೆವಳತೊಡಗಿದರು. ಎವೆಲಿಯೊ ಲೋಟ ಖಾಲಿ ಮಾಡಿದರು. ಪರದೆಯಿಂದ ಕಣ್ಣು ಕದಲಿಸದೆ ಕೂಜೆಯನ್ನೇ ಎಳೆದುಕೊಂಡು ಮತ್ತೆ ತುಂಬಿಸಿಕೊಂಡರು, ಮತ್ತೆ ಮತ್ತೆ.

"ಲೋಟ ಕೊಡ್ತೀರಾ, ಇಲ್ಲ ನಾನೂ ತೆವಳ್ಕೊಂಡು ಬರ್ಲಾ?" ವಾರಾ ಕೈಚಾಚಿದಳು.

ಅವರು ಕೂಜೆಯನ್ನು ಎದೆಗೆ ಒತ್ತಿಕೊಂಡರು! ಆಮೇಲೆ ತಮ್ಮ ಕೈಯನ್ನು ತಾವೇ ನೋಡಿ ಬೆಚ್ಚಿದರು. "ನಾಳೆ ಹೇಳ್ತೀನಿ," ಎಂದವರೇ ಎದ್ದು ಹೋದರು.

ಗೆದ್ದೆನೋ ಇಲ್ಲವೋ ಬೆಳಿಗ್ಗೆ ಗೊತ್ತಾಗುತ್ತದೆ. ನಿದ್ದೆ ಕೆಡಿಸಿರುವುದು ಬೇರೆ. ವಾರಾ ಕೈಚಾಚಿ ನಿಂತಿದ್ದಾಗ ನಾನೂ ಕೂಜೆಯನ್ನೇ ನೋಡುತ್ತಿದ್ದೆ, ನನ್ನ ಪಾಲಿಗೆ ಎಷ್ಟು ಉಳಿದಿದೆ ಎಂದು. ಅವಳ ಪಾಲು ನೆನಪಾದದ್ದು ಈಗ, ಹಾಸಿಗೆಯಲ್ಲಿ.