ನಿನ್ನ ಮಗಳನ್ನು ಗೇಟಿನಲ್ಲಿ ತಡೆದಿದ್ದಾರೆ

ಮಾದೇವಣ್ಣನಿಗೆ,

ನೀನು ಹೋಗಿ ಆರು ವರ್ಷವಾಯಿತು. ಇವತ್ತು ನಿನ್ನನ್ನು ಬೈಯುವುದಕ್ಕೇ ಬರೆಯಲು ಕೂತಿದ್ದೇನೆ. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಯೂನಿಯನ್ ಕರಪತ್ರ ಓದಿಸಿ ಓದಿಸಿ ಕಲಿಸಿದವನು ನೀನೇ ಅಲ್ಲವೇ?

ನಂಜನಗೂಡಿನ ನೂಲಿನ ಮಿಲ್ಲಿಗೆ ಸೇರಿದ ಹೊಸದರಲ್ಲಿ ಮೂಗೂರಿನಿಂದ ಹೊರಟು, ನರಸೀಪುರದಲ್ಲಿ ಬಸ್ಸು ಬದಲಿಸಿ ಬರುತ್ತಿದ್ದೆವು. ಮೇಸ್ತ್ರಿ ಕೈ ಬೀಸಿದರೆ ಕೆಲಸ, ಮುಖ ತಿರುಗಿಸಿದರೆ ವಾಪಸು ಬಸ್ಸು. ನೀನು ಯೂನಿಯನ್ ಕಟ್ಟಿದೆ. ಗೇಟಿನ ಮುಂದೆ ಒಲೆ ಹೂಡಿ ಎಷ್ಟೋ ದಿನ ಗಂಜಿ ಕುಡಿದೆವು. ನಮ್ಮನ್ನು ಪರ್ಮನೆಂಟ್ ಮಾಡಿಸಿದೆ, ಸಂಬಳ ಏರಿಸಿದೆ. ಕೆಲಸದಲ್ಲಿದ್ದಾಗ ಸತ್ತವನ ಮನೆಯ ಒಬ್ಬರಿಗೆ ಕೆಲಸ ಕೊಡಬೇಕೆಂದು ಒಪ್ಪಂದದಲ್ಲಿ ಬರೆಸಿದೆ. ನನ್ನ ಮನೆಗೆ ತಾರಸಿ ಬಿದ್ದದ್ದು ನಿನ್ನಿಂದ. ಇಲ್ಲವೆಂದರೆ ನನ್ನ ಬಾಯಿಗೆ ಹುಳ ಬೀಳಲಿ.

ಆದರೆ ಆ ಕೊನೆಯ ಒಪ್ಪಂದ! ಗೇಟ್ ಮೀಟಿಂಗಿನಲ್ಲಿ ನೀನೇ ಸ್ಟೂಲಿನ ಮೇಲೆ ನಿಂತು ಓದಿದೆ. ನಮಗೆ ಹಿಂದೆಂದೂ ಕಾಣದ ಸಂಬಳ. ಅದಕ್ಕೆ ಬದಲಾಗಿ ಸತ್ತವರ ಮನೆಗೆ ಕೆಲಸ ಕೊಡುವ ಮಾತು ರದ್ದು. ಹೊಸದಾಗಿ ಸೇರುವವರೆಲ್ಲ ಕಾಂಟ್ರಾಕ್ಟರ್ ಕೈಕೆಳಗೆ. ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಪುಟ್ಟಮ್ಮ ಒಬ್ಬಳೇ ಎದ್ದು ಕೇಳಿದಳು, “ಇನ್ಮೇಲೆ ಬರೋರ ಗತಿ ಏನಣ್ಣ?”

“ಮೊದ್ಲು ಒಳಗಿರೋರ್ನ ಉಳಿಸ್ಕಳಣ ಕಣವ್ವ. ಇನ್ನೂ ಉಟ್ದೆ ಇರೋರ್ಗೆ ಈಗ್ಲೇ ಅಂಬ್ಲಿ ಕಾಯ್ಸಕಾದದಾ?” ಎಂದೆ ನೀನು. ಎಲ್ಲರೂ ನಕ್ಕೆವು. ಒಪ್ಪುವವರು ಕೈ ಎತ್ತಿ ಎಂದಾಗ ನಾನಂತೂ ಎರಡೂ ಕೈ ಎತ್ತಿದೆ. ಥೂ, ಈ ಕೈಗೆ...

ವರ್ಷ ತಿರುಗುವ ಮೊದಲೇ ನೀನು ಮಿಷನ್ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕುಸಿದೆ, ಮತ್ತೆ ಏಳಲಿಲ್ಲ. ನಿನ್ನ ಮಗಳು ಪವಿತ್ರಳನ್ನು ಆಫೀಸಿಗೆ ಕರೆದುಕೊಂಡು ಹೋದವನು ನಾನು. ಅಲ್ಲಿನ ಆಫೀಸರು ಒಪ್ಪಂದ ತೆಗೆದು ನಿನ್ನ ಸಹಿಯನ್ನೇ ತೋರಿಸಿದ. ಅವಳು ಕೊನೆಯ ಸಾಲಿನವರೆಗೂ ಓದಿದಳು. ಮಾರನೆಯ ದಿನ ಕಾಂಟ್ರಾಕ್ಟರ್ ಹತ್ತಿರ ಹೆಸರು ಬರೆಸಿದಳು. ನೀನು ನಿಂತಿದ್ದ ಮಿಷನ್ನಿಗೇ ಹಾಕಿದರು. ಅದೇ ಪಾಳಿ, ಅದೇ ಧೂಳು, ಸಂಬಳ ಮಾತ್ರ ಪರ್ಮನೆಂಟಿನವರ ಅರ್ಧವೂ ಇಲ್ಲ. ಬದುಕಿದ್ದರೆ ಅವಳಿಗೆ ಏನು ಹೇಳುತ್ತಿದ್ದೆ?

ಹೋದ ತಿಂಗಳು ಅವಳು ಕಾಂಟ್ರಾಕ್ಟಿನವರದೇ ಒಂದು ಯೂನಿಯನ್ ಕಟ್ಟೋಣವೆಂದು ಸಹಿ ಹಾಕಿಸತೊಡಗಿದಳು. ಮೂರೇ ದಿನಕ್ಕೆ ಗೇಟಿನಲ್ಲಿ ತಡೆದರು. ಕೆಲಸ ಇಲ್ಲವಂತೆ. ಮೈಯೆಲ್ಲ ಉರಿದು, ರಿಟೈರಾದವನಾದರೂ ನಮ್ಮ ಯೂನಿಯನ್ ರೂಮಿಗೆ ನುಗ್ಗಿದೆ. ನೀನೇ ಬೆಳೆಸಿದ ರಾಜೇಶ ಈಗ ಸೆಕ್ರೆಟರಿ. ಟೀ ಕುಡಿಯುತ್ತಾ, “ಅವ್ರಿಗೂ ನಮ್ಮಷ್ಟೇ ಕೊಡಿ ಅಂದ್ರೆ ಕಂಪ್ನಿ ನಮ್ದ ಕಿತ್ಕತದೆ. ಸುಮ್ನಿರು ಮಾವ” ಎಂದ.

ಟೀ ಲೋಟ ಕಿತ್ತು ಗೋಡೆಗೆ ಬೀಸಿದೆ. “ಅವ್ಳು ಅರ್ಧ ಸಂಬ್ಳಕ್ಕೆ ಸಿಕ್ತಾಳೆ ಅಂತ್ಲೇ ಕಣ್ಲಾ ನಿಮ್ ಕೆಲ್ಸ ಒಂದೊಂದಾಗಿ ಓಯ್ತಿರದು. ನಿನ್ ಮಿಷನ್ ಅಕ್ಕಪಕ್ಕ ಪರ್ಮನೆಂಟ್ ಯಾರವ್ರೆ ಯೋಳ್ಲಾ?” ಮೂರು ಪಾಳಿಯ ಪರ್ಮನೆಂಟಿನವರನ್ನು ಸೇರಿಸಿದರೂ ಈಗ ಒಂದು ಬಸ್ಸು ತುಂಬುವುದಿಲ್ಲ.

ಅದೇ ಸಿಟ್ಟಿನಲ್ಲಿ ನಿನ್ನ ಮನೆಗೆ ಹೋಗಿ, “ನಿಮ್ಮಪ್ಪ ನಿನ್ ಕೆಲ್ಸ ಮಾರ್ಬುಟ್ಟ” ಎಂದು ಪವಿತ್ರಳ ಮುಂದೆ ಕೂಗಾಡಿದೆ.

“ಅಪ್ಪ ಒಬ್ರೇ ಮಾರಿದ್ರಾ ಚಿಕ್ಕಪ್ಪ? ಕೈ ಎತ್ತಿದೋರು ಯಾರು?” ಎಂದಳು.

ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡು ಬಂದೆ.

ಸೋಮವಾರ ಮೊದಲ ಪಾಳಿಯಿಂದ, ಅವಳನ್ನು ವಾಪಸು ಸೇರಿಸಿಕೊಳ್ಳುವವರೆಗೆ, ಕಾಂಟ್ರಾಕ್ಟಿನವರು ಯಾರೂ ಒಳಗೆ ಹೋಗುವುದಿಲ್ಲ. ಪರ್ಮನೆಂಟಿನವರೂ ಹೊರಗೆ ನಿಲ್ಲಲಿ ಎಂದು ನಾನು ಮನೆಮನೆಗೆ ಹೋಗುತ್ತಿದ್ದೇನೆ. ನಾಲ್ಕು ಜನ ಒಪ್ಪಿದ್ದಾರೆ. ಮಿಕ್ಕವರು ಬಾಗಿಲು ಹಾಕಿಕೊಂಡರು. ಹಾಕಿಕೊಳ್ಳಲಿ, ಸೋಮವಾರದವರೆಗೂ ಬಡಿಯುತ್ತೇನೆ.

ಇನ್ನೊಂದು ವಿಷಯ. ಹೊಸ ಯೂನಿಯನ್ನಿನ ಅರ್ಜಿಯಲ್ಲಿ ಮೊದಲ ಹೆಸರು ಅವಳದು. ತಂದೆಯ ಹೆಸರು ಎಂದು ಇರುವ ಕಡೆ ನಾನಾಗಿದ್ದರೆ ಗೀಟು ಎಳೆಯುತ್ತಿದ್ದೆ. ಅವಳು ನಿನ್ನ ಹೆಸರನ್ನು ಪೂರ್ತಿ ಬರೆದಿದ್ದಾಳೆ.