ಅಂಬುಜಮ್ಮನ ಕಾಫಿ

೧೪ ಆಗಸ್ಟ್ ೨೦೦೭, ಮಂಗಳವಾರ. ಬಿಡದಿ.

ಇವತ್ತಿನ ಖರ್ಚು ಒಂದು ಲೋಟ ಕಾಫಿ. ಅದೂ ನನ್ನದಲ್ಲ, ಬೈರಮಂಗಲದ ಅಂಬುಜಮ್ಮನವರದು.

ಮಾರ್ಮನ್ ಎಂಬ ಕ್ರೈಸ್ತ ಸಭೆಯ ಧರ್ಮಪ್ರಚಾರದ ಸೇವೆಗೆ ಬಂದು ಇದು ಮೂರನೇ ವಾರ. ಕರೆಯದೆ ಯಾರ ಮನೆಗೂ ಹೋಗುವಂತಿಲ್ಲ, ಕಾಫಿ ಟೀ ಮುಟ್ಟುವಂತಿಲ್ಲ. ಜೊತೆಗಾರನೊಡನೆ ಹೋಗುತ್ತಿದ್ದ ನನ್ನ ಬಿಳಿ ಅಂಗಿ, ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿ ಆಯಮ್ಮನೇ ಒಳಗೆ ಕರೆದರು.

"ನನ್ ಮಗ ನಾಗರಾಜೂ ಹಿಂಗೇ ಹೆಸರು ಸಿಗಾಕ್ಕಂಡು ಕಾರ್ಖಾನೆಗೆ ಹೋಗ್ತಿದ್ದ ಕಣಪ್ಪ. ಒಸಿ ಕಾಫಿ ಕುಡಿ."

"ನಾವು ಕುಡಿಯಾಕಿಲ್ಲ ಕಣವ್ವ."

"ಅವ್ನೂ ಅವತ್ತು ಟೇಮಾಯ್ತು ಅಂತ ಕುಡೀದೆ ಹೊಂಟೋದ. ಸಂಜೆಗೆ ಹೆಣ ತಂದ್ರು."

ಚನ್ನಪಟ್ಟಣದ ಹೆದ್ದಾರಿಯಲ್ಲಿ ಓಡುವ ಕಾರು ನಿಲ್ಲಿಸಿ ಗೊಂಬೆ ಮಾರಿದ ಬಾಯಿ ನನ್ನದು. 'ಬರೀ ಹಾಲು ಕೊಡವ್ವ' ಅನ್ನುವುದು ಆ ಬಾಯಿಗೆ ಹೊಳೆಯಲಿಲ್ಲ. ನಮ್ಮೆದುರೇ ಕಾಫಿ ಆರಿ ಕೆನೆಗಟ್ಟಿತು. ಈಗಲೂ ಕಣ್ಣು ಮುಚ್ಚಿದರೆ ಆ ಕೆನೆಯೇ ಕಾಣುತ್ತದೆ.

ಜೊತೆಗಾರ ಎಲ್ಡರ್ ಸುಧಾಕರ್ (ಸೇವೆಗೆ ಬಂದ ಹುಡುಗರನ್ನೆಲ್ಲ ಸಭೆಯಲ್ಲಿ ಎಲ್ಡರ್ ಅಂತಲೇ ಕರೆಯುವುದು) ರಾಜಮಂಡ್ರಿಯವನು, ಕನ್ನಡ ಬಾರದು. ಗಟ್ಟಿಯಾಗಿ ನಿಂತೆ ಎಂದು ಬಸ್ಸಿನಲ್ಲಿ ಇಂಗ್ಲಿಷಿನಲ್ಲಿ ಹೊಗಳಿ ಬೆನ್ನು ತಟ್ಟಿದ.

ಲಾಭದ ಲೆಕ್ಕ ಇಷ್ಟೇ. ಅವನಿಗೆ ವಾರದ ವರದಿಗೊಂದು ಒಳ್ಳೆಯ ಸುದ್ದಿ. ನನಗೆ ಮುರಿಯದೆ ಉಳಿದ ನಿಯಮ. ಅಂಬುಜಮ್ಮನವರಿಗೆ ಕುಡಿಯದೆ ಬಿಟ್ಟುಹೋದ ಇನ್ನೊಂದು ಲೋಟ.